ಹನ್ನೊಂದು ಮನೆಗಳ ನೀಲಿ

ಬೆಳಗಿನ ಐದೂಮುಕ್ಕಾಲು. ಮುಂದಿನ ಕೋಣೆಯ ಮೇಜು, ಕುರ್ಚಿ, ಪರದೆಗಳೆಲ್ಲ ನಡುಮನೆಗೆ ಹೋಗಿವೆ. ನೆಲದ ತುಂಬ ಹಳೆಯ ಹೊದಿಕೆ ಹಾಸಿದೆ. ಕೋಣೆಯ ನಟ್ಟನಡುವೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ, ಐವತ್ತನಾಲ್ಕು ವರ್ಷದ ಹೆಂಗಸೊಬ್ಬರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಬರಿಯ ಗೋಡೆಯನ್ನು ನೋಡುತ್ತ ಕೂತಿದ್ದಾರೆ. ದೀಪ ಹಾಕಿಲ್ಲ, ಹಾಕಲು ಯಾರನ್ನೂ ಬಿಡುವುದಿಲ್ಲ. ಬೆಳಕು ಮೊದಲು ಚಾವಣಿಯ ಅಂಚಿಗೆ ಬಂದು, ಬೆಂಕಿ ಹಾಕದೆ ಎಷ್ಟೋ ವರ್ಷವಾದ ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆಯವರೆಗೆ ಮೆಲ್ಲಗೆ ಇಳಿಯುತ್ತದೆ.

“ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಗೋಡೆನೂ ಸಾಚಾನೇ. ಬೆಳಿಗ್ಗೆ ಹೊತ್ತು ನೋಡ್ಬೇಕು, ಆಗ ಬಂಡವಾಳ ಬಯಲಾಗುತ್ತೆ,” ಎನ್ನುತ್ತಾರೆ ಅವರು.

ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ಕೂತು ಕಾಲಾಡಿಸುತ್ತಿರುವ ನಾದಿನಿಗೆ ಇಷ್ಟು ಹೊತ್ತಿಗೆ ಬೇಸರ ಬಂದಿದೆ. “ಅತ್ತಿಗೆ, ಗೋಡೆ ಹತ್ರ ಕಷ್ಟಸುಖ ವಿಚಾರಿಸಿದ್ದು ಮುಗೀತಾ? ಇಲ್ಲಾಂದ್ರೆ ನಾನೊಂದು ನಿದ್ದೆ ತೆಗೆದು ಬರ್ತೀನಿ.”

“ಏಣಿ ಮೇಲೇ ನಿದ್ದೆ ಮಾಡೋಳು ನೀನು. ಅದಕ್ಕೆ ಕೆಳಗೆ ಯಾಕೆ ಇಳೀತೀಯ?”

ಬಕೆಟ್ಟಿನ ಮೇಲೆ ಕೂತಿರುವ ಇವರು ಸುತ್ತಲಿನ ಬೀದಿಗಳಿಗೆಲ್ಲ ಬಣ್ಣದಕ್ಕ. ಮನೆಗಳ ಒಳಗೋಡೆಗೆ ಬಣ್ಣ ಬೆರೆಸಿ ಬಳಿಯುವುದು, ಯಾವ ಚಿತ್ರ ಎಲ್ಲಿ ತೂಗಬೇಕೆಂದು ನೋಡಿ ಮೊಳೆ ಹೊಡೆಯುವುದು, ಹಲಗೆಗಳ ಮೇಲೆ ಸಾಮಾನು ಜೋಡಿಸಿಕೊಡುವುದು ಅವರ ಕೆಲಸ. ಇಪ್ಪತ್ತಾರು ವರ್ಷಗಳಲ್ಲಿ ಮುನ್ನೂರ ನಲವತ್ತಕ್ಕೂ ಹೆಚ್ಚು ಮನೆಗಳು ಅವರ ಕೈ ದಾಟಿವೆ. ಅವರು ಬಳಿದ ಬಣ್ಣ ಏಳೆಂಟು ವರ್ಷ ಮಾಸುವುದಿಲ್ಲ. ಆದರೆ ಈ ಕೋಣೆಗೆ ಅವರು ಬಣ್ಣ ಹಚ್ಚಿ ಎರಡೇ ವರ್ಷವಾಗಿದೆ. ಇಂದು ಅವರು ಬಂದಿರುವುದು ತಮ್ಮದೇ ಕೆಲಸವನ್ನು ಅಳಿಸಲು.

ಬಣ್ಣದಕ್ಕನ ಗಂಡನೂ ಗೋಡೆಗೆ ಬಣ್ಣ ಬಳಿಯುತ್ತಿದ್ದವರೇ. ಮದುವೆಯಾದ ಹೊಸದರಲ್ಲಿ ಇವರ ಪಾಲಿಗಿದ್ದದ್ದು ಬ್ರಷ್ ತೊಳೆಯುವ ಕೆಲಸ ಮಾತ್ರ. ಒಂದು ದಿನ ಗಂಡ ಗೋಡೆಗೆ ಕಟ್ಟಿದ ಬಿದಿರಿನ ಸಾರುವೆಯಿಂದ ಬಿದ್ದು ಬಲಮಂಡಿ ಮಡಚದಂತಾಯಿತು. ಅರ್ಧಕ್ಕೆ ನಿಂತ ಮನೆಯೊಂದಿತ್ತು. ಇವರು ಏಣಿ ಹೆಗಲಿಗೇರಿಸಿ ಹೊರಟರು. “ಮನೆಯಲ್ಲಿ ಗಂಡಸರು ಯಾರೂ ಇಲ್ವೇನಮ್ಮ?” ಎಂದು ಆ ಮನೆಯ ಯಜಮಾನರು ಕೇಳಿದ್ದು ಇನ್ನೂ ನೆನಪಿದೆ. “ಇದ್ದಾರಲ್ಲ. ಅಡುಗೆ ಮಾಡ್ತಿದ್ದಾರೆ ಅಂದೆ. ಆಮೇಲೆ ಪುಣ್ಯಾತ್ಮ ಬಾಯಿ ಬಿಡ್ಲಿಲ್ಲ.”

ಆದರೂ ಮೊದಲ ಎರಡು ವರ್ಷ ಅವರಿಗೆ ಸಿಕ್ಕಿದ್ದು ಬಚ್ಚಲು, ಉಗ್ರಾಣ, ಅಡುಗೆಮನೆ. ನಾಲ್ಕು ಜನ ನೋಡುವ ಕೋಣೆಯನ್ನು ಹೆಂಗಸಿನ ಕೈಗೆ ಕೊಡಲು ಯಾರಿಗೂ ಧೈರ್ಯವಿರಲಿಲ್ಲ. ಕೊನೆಗೆ ಬಚ್ಚಲಿನ ಬಣ್ಣ ನೋಡಿದ ಅತಿಥಿಯೊಬ್ಬರು ಆಚೆ ಬಂದು, “ನಿಮ್ಮ ಮನೆಯಲ್ಲಿ ಕೂರೋ ಹಾಗಿರೋದು ಅದೊಂದೇ ಜಾಗ ಕಣ್ರೀ” ಎಂದರಂತೆ. ಆ ಮಾತು ಬೀದಿಯಿಂದ ಬೀದಿಗೆ ಹಬ್ಬಿತು.

ದಿನಕ್ಕೆ ಏಣಿಯನ್ನು ಐವತ್ತು ಅರವತ್ತು ಸಲ ಹತ್ತಿ ಇಳಿಯುತ್ತಾರೆ. ಉಪ್ಪುಕಾಗದದಿಂದ ಉಜ್ಜಿದ ಗೋಡೆಯ ದೂಳು ಎದೆಗೆ ಕೂತು ಚಳಿಗಾಲವಿಡೀ ಕೆಮ್ಮು. ರೋಲರ್ ಎತ್ತಿ ಎತ್ತಿ ಎಡ ಹೆಗಲು ಹಿಡಿದುಕೊಂಡಿದೆ. ತಮ್ಮ ತಲೆ ತಾವೇ ಬಾಚಿಕೊಳ್ಳಲಾರರು. ದಿನಾ ಬೆಳಿಗ್ಗೆ ನಾದಿನಿಯೇ ಜಡೆ ಹಾಕಬೇಕು. “ಅಣ್ಣನ್ನ ಮದುವೆ ಮಾಡ್ಕೊಂಡು ಬಂದಿದ್ದು ಇವರು, ಸೇವೆ ಮಾತ್ರ ನಂದು,” ಎಂದು ನಾದಿನಿ ಬಾಚಣಿಗೆಯನ್ನು ಬೇಕೆಂದೇ ಗಟ್ಟಿಯಾಗಿ ಎಳೆಯುತ್ತಾರೆ. ಮಂಡಿ ಮಡಚದ ಗಂಡ ಮನೆಯಲ್ಲೇ ಕೂತು ಹಳೆಯ ಕಿಟಕಿಗಳ ಮರದಿಂದ ಚಿತ್ರದ ಚೌಕಟ್ಟು ಮಾಡುತ್ತಾರೆ. ಮೂವರ ದುಡಿಮೆ ಸೇರಿ ಒಂದು ಕೋಣೆ.

ಅಂಗಡಿಯವರು ಕೊಡುವ ಬಣ್ಣದ ಮಾದರಿಗಳ ಪಟ್ಟಿಯನ್ನು ಬಣ್ಣದಕ್ಕ ಎಂದೂ ಮುಟ್ಟಿದವರಲ್ಲ. ಕೋಣೆಯಲ್ಲಿ ಕೂತು, ಮನೆಯವರ ಮಾತು ಕೇಳಿ, ಮನಸ್ಸಿನಲ್ಲಿ ಒಂದು ಬಣ್ಣ ಹಿಡಿದುಕೊಳ್ಳುತ್ತಾರೆ. ಬಕೆಟ್ಟಿನ ಬಿಳಿ ಬಣ್ಣಕ್ಕೆ ಹಳದಿ, ನೀಲಿ, ಕೆಂಪು ಸೀಸೆಗಳಿಂದ ಹನಿಹನಿಯಾಗಿ ಬೆರೆಸುತ್ತ ಆ ಬಣ್ಣಕ್ಕೆ ಬಂದು ಮುಟ್ಟುತ್ತಾರೆ. ಮನೆ ಮುಗಿದ ದಿನ ಉಳಿದ ಬಣ್ಣವನ್ನು ಬೆರಳುದ್ದದ ಮರದ ಚೂರಿಗೆ ಹಚ್ಚಿ, ಹಿಂದೆ ತಾರೀಖು ಬರೆದು, ದಾರಕ್ಕೆ ಪೋಣಿಸುತ್ತಾರೆ. ಅದು ನೆನಪಿಗಷ್ಟೇ. ಹಳೆಯ ಚೂರು ನೋಡಿ ಹೊಸ ಬಣ್ಣ ಮಾಡುವುದೆಂದರೆ ಅವರಿಗೆ ಶಾಲೆಯಲ್ಲಿ ಪಕ್ಕದವರ ಪಾಟಿ ನೋಡಿ ಬರೆದಷ್ಟು ಅವಮಾನ.

ಎರಡು ತಿಂಗಳ ಹಿಂದೆ ಬಲಗಣ್ಣಿನ ಪೊರೆ ತೆಗೆಸಿದರು, ಎಡಗಣ್ಣಿನದು ಇನ್ನೂ ಬಾಕಿ. ಪಟ್ಟಿ ಬಿಚ್ಚಿದ ವಾರ, ಹೊತ್ತು ಹೋಗದೆ, ಆ ಚೂರುಗಳ ಗೊಂಚಲನ್ನು ಅಂಗಳದಲ್ಲಿ ತಾರೀಖಿನಂತೆ ಸಾಲಾಗಿ ಹರಡಿದರು. ಸಾಲಿನ ಬಾಲದಲ್ಲಿ ಏನೋ ಸರಿಯಿಲ್ಲ. ಕೊನೆಯ ಎರಡು ವರ್ಷದ ಕೆನೆಬಣ್ಣ ಕೆನೆಯಾಗಿಲ್ಲ, ಮರಳಿನ ಬಣ್ಣ ಮರಳಾಗಿಲ್ಲ. ಒಂದೊಂದು ಚೂರೂ ಹಿಂದಿನದಕ್ಕಿಂತ ಒಂದು ಕೂದಲೆಳೆ ನೀಲಿಗೆ ಜಾರಿದೆ. ಎಡಗಣ್ಣಿಂದ ನೋಡಿದರೆ ಎಲ್ಲ ಸರಿ, ಬಲಗಣ್ಣಿಂದ ನೋಡಿದರೆ ಎಲ್ಲ ತಪ್ಪು. ಪೊರೆ ಬೆಳೆಯುತ್ತ ಲೋಕವೆಲ್ಲ ಹಳದಿಯಾಗಿತ್ತು. ಕೈ ತಾನಾಗಿ ಹಳದಿ ಕಡಿಮೆ ಮಾಡಿ ನೀಲಿ ಹೆಚ್ಚಿಸುತ್ತ ಬಂದಿತ್ತು.

ಎಣಿಸಿದರು. ಹೆಗಲು ಹಿಡಿದಂದಿನಿಂದ ಕೆಲಸ ಕಡಿಮೆಯಾಗಿದ್ದರೂ ಹನ್ನೊಂದು ಮನೆ.

“ಅವತ್ತು ಅತ್ತಿಗೆ ಊಟ ಮಾಡ್ಲಿಲ್ಲ,” ಎನ್ನುತ್ತಾರೆ ನಾದಿನಿ. ಮರುದಿನ ಬಣ್ಣದಕ್ಕ ಹನ್ನೊಂದೂ ಮನೆಗೆ ಹೋಗಿ ಹೇಳಿ ಬರುತ್ತೇನೆಂದಾಗ ಮನೆಯಲ್ಲಿ ದೊಡ್ಡ ಮಾತೇ ಆಯಿತು. “ಯಾರೂ ಕೇಳಿಲ್ಲ, ಯಾರೂ ದೂರಿಲ್ಲ. ಸುಮ್ಮನಿರಲಾರದೆ ಇರುವೆ ಬಿಟ್ಕೊಳ್ತೀರಲ್ಲ ಅತ್ತಿಗೆ! ಕಣ್ಣು ಕಾಣಲ್ಲ ಅಂತ ನೀವೇ ಡಂಗುರ ಹೊಡೆದ್ರೆ ನಾಳೆ ಯಾರು ಕರೀತಾರೆ?”

“ಯಾರೂ ಕೇಳಿಲ್ಲ ಅನ್ನೋದೇ ಕಣೇ ನನ್ನ ಕೊರೀತಿರೋದು.”

ಹನ್ನೊಂದು ಮನೆಯವರೂ ಸುಮ್ಮನಿದ್ದದ್ದು ಯಾಕೆಂದು ಅವರಿಗೆ ಗೊತ್ತಿತ್ತು. ಬಣ್ಣದಕ್ಕ ಬಳಿದ ಮೇಲೆ ಅದು ಸರಿಯೇ ಇರಬೇಕು, ತಪ್ಪಿದ್ದರೆ ನಮ್ಮ ಕಣ್ಣಿನದು ಎಂದು ಒಂದೊಂದು ಮನೆಯೂ ಅಂದುಕೊಂಡಿತ್ತು. ಇಪ್ಪತ್ತಾರು ವರ್ಷ ಗಳಿಸಿದ ಹೆಸರೇ ಅವರೆಲ್ಲರ ಬಾಯಿ ಕಟ್ಟಿತ್ತು.

ಅವರು ಹೋದರು, ಹೇಳಿದರು. ಇಬ್ಬರು ಇದೇ ಚೆನ್ನಾಗಿದೆ, ಇರಲಿ ಬಿಡಿ ಎಂದರು. ಒಬ್ಬರು ಬೇರೆಯವರನ್ನು ಕರೆಸುತ್ತೇವೆಂದು ಬಾಗಿಲು ಹಾಕಿಕೊಂಡರು. ಏಳು ಮನೆಯವರು ಹೆಚ್ಚುಕಡಿಮೆ ಒಂದೇ ಮಾತು ಆಡಿದರು: ಮೊದಲು ನರ್ಸಮ್ಮನ ಮನೆ ಮಾಡಿ, ನೋಡೋಣ. ಒಪ್ಪಿ ಕರೆದದ್ದು ಆ ನರ್ಸಮ್ಮ ಒಬ್ಬರೇ, ಇಂದಿನದು ಅವರ ಮನೆ. ಹೊಸ ಕಣ್ಣಿನಲ್ಲಿ ಬೆರೆಸುವ ಮೊದಲ ಬಣ್ಣ. ಇದು ಕೆಟ್ಟರೆ ಆ ಏಳು ಬಾಗಿಲುಗಳೂ ಮುಚ್ಚುತ್ತವೆ, ಆಮೇಲೆ ಉಳಿದ ಊರಿನವೂ.

ನಿವೃತ್ತ ನರ್ಸಮ್ಮ, ಬಸ್ ಓಡಿಸಿ ನಿವೃತ್ತರಾದ ಅವರ ಯಜಮಾನರು, ಈ ಮನೆಯಲ್ಲಿ ಇಬ್ಬರೇ. ಮುಂದಿನ ಕೋಣೆಗೆ ಅಂದು ಅವರು ಕೇಳಿದ್ದು ಹಾಲುಕೆನೆಯ ಬಣ್ಣ. “ಮೂವತ್ತೆರಡು ವರ್ಷ ಆಸ್ಪತ್ರೆ ಗೋಡೆ ನೋಡಿ ಸಾಕಾಗಿತ್ತು. ಮನೆಯಲ್ಲೂ ಅದೇ ಬಂದು ಕೂತ್ಕೊಳ್ತು,” ಎಂದು ನರ್ಸಮ್ಮ ಈಗ ನಗುತ್ತಾರೆ. ಆಗ ನಗು ಇರಲಿಲ್ಲ. ಬಣ್ಣ ಬಳಿದ ತಿಂಗಳೇ ಡ್ರೈವರಣ್ಣ ಕೊನೆಯ ಬಸ್ಸು ಇಳಿದು ಮನೆಗೆ ಬಂದಿದ್ದರು. ಆ ಕೋಣೆಯಲ್ಲಿ ಕೂತರೆ ಅವರಿಗೆ ಮೈ ಚಳಿ, ಮನಸ್ಸು ಭಾರ. ಕೆಲಸ ಹೋದ ಕೊರಗು ಎಂದು ತಾವೇ ತೀರ್ಮಾನಿಸಿ ಅಡುಗೆಮನೆಯ ಮೂಲೆಯ ಸ್ಟೂಲ್ ಹಿಡಿದವರು ಎರಡು ವರ್ಷ ಅಲ್ಲಿಂದ ಏಳಲಿಲ್ಲ. ಹೋದ ತಿಂಗಳು ಬಣ್ಣದಕ್ಕ ಬಂದು ವಿಷಯ ಹೇಳಿದಾಗ ಅವರು ಸ್ಟೂಲಿನಲ್ಲೇ ತಿರುಗಿ ಆ ಕೋಣೆಯ ಕಡೆ ನೋಡಿದರು. ಆಮೇಲೆ ಕೇಳಿದ್ದು ಇಷ್ಟೇ: “ಅಂದ್ರೆ, ಕೆಟ್ಟಿದ್ದು ನಾನಲ್ಲ, ಗೋಡೆ?”

ಎಂಟು ಗಂಟೆ. ಬಣ್ಣದಕ್ಕ ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆರೆಸಲು ಕೂರುತ್ತಾರೆ. ಮೂರು ಹನಿ, ಕಲಕು, ಎರಡು ಹನಿ, ಕಲಕು. ಅಂಗೈಯಗಲದ ತೇಪೆಯನ್ನು ಗೋಡೆಗೆ ಹಚ್ಚಿ ಒಣಗಲು ಬಿಡುತ್ತಾರೆ. ಹಸಿ ಬಣ್ಣ ಯಾವತ್ತೂ ಸುಳ್ಳು ಹೇಳುತ್ತದೆ. ಒಣಗಲು ಮುಕ್ಕಾಲು ಗಂಟೆ ಬೇಕು. ಒಣಗಿದ ಮೇಲೆ ನಾದಿನಿ ಹತ್ತಿರ ಹೋಗಿ ನೋಡಿ, ಹಿಂದೆ ಸರಿದು ನೋಡಿ, ಗಂಟಲು ಸರಿಮಾಡಿಕೊಳ್ಳುತ್ತಾರೆ.

“ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಗೋಡೆಗೆ ಕಾಮಾಲೆ ಬಂದಿದೆ.”

ನರ್ಸಮ್ಮ ಬಾಗಿಲಲ್ಲೇ ನಿಂತು ತಲೆಯಾಡಿಸುತ್ತಾರೆ. “ನನ್ನ ಅನುಭವದಲ್ಲಿ ಹೇಳ್ತೀನಿ, ಇದು ಕಾಮಾಲೆನೇ.”

ಮೂವರೂ ನಗುತ್ತಾರೆ. ಬಣ್ಣದಕ್ಕನ ನಗು ಮಾತ್ರ ಬೇಗ ನಿಲ್ಲುತ್ತದೆ. ಹೊಸ ಕಣ್ಣಿಗೆ ಎಲ್ಲವೂ ನೀಲಿಯಾಗಿ ಕಾಣುತ್ತದೆ. ಅದನ್ನು ಸರಿದೂಗಿಸಲು ಹೋಗಿ ಕೈ ಈ ಸಲ ಹಳದಿಯ ಕಡೆಗೆ ವಾಲಿದೆ. ಅಲ್ಲಿಗೆ ಹಳೆಯ ಕಣ್ಣನ್ನೂ ನಂಬುವಂತಿಲ್ಲ, ಹೊಸದನ್ನೂ ನಂಬುವಂತಿಲ್ಲ. ಅವರು ಕೋಲನ್ನು ಬಕೆಟ್ಟಿನ ಅಂಚಿಗೆ ಒರಗಿಸುತ್ತಾರೆ. ಮೂಗಿನ ತುದಿಗೆ ಬಣ್ಣ ಮೆತ್ತಿದೆ, ಒರೆಸಿಕೊಳ್ಳುವುದಿಲ್ಲ. ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ ಬಾರಿಸಿಕೊಂಡು ಹಾದುಹೋಗುತ್ತದೆ.

“ಆ ಗೊಂಚಲು ಕೊಡು,” ಎನ್ನುತ್ತಾರೆ ಬಣ್ಣದಕ್ಕ.

“ಯಾವ ಗೊಂಚಲು?”

“ಎಷ್ಟಿದೆಯೇ ನಮ್ಮ ಹತ್ರ? ಚೂರುಗಳದ್ದು.”

ನಾದಿನಿ ಚೀಲದಿಂದ ತೆಗೆದು ಕೊಡುತ್ತಾರೆ. ಬಣ್ಣದಕ್ಕ ಒಂದೊಂದಾಗಿ ಹಿಂದೆ ತಾರೀಖು ನೋಡುತ್ತ ಹೋಗಿ ಒಂದು ಕಡೆ ನಿಲ್ಲುತ್ತಾರೆ. ಹನ್ನೆರಡು ವರ್ಷದ ಹಿಂದಿನ ಹಾಲುಕೆನೆ, ಕಣ್ಣಿನಲ್ಲಿ ಪೊರೆಯ ಸುಳಿವೂ ಇಲ್ಲದ ಕಾಲದ್ದು. ದಾರ ಬಿಚ್ಚಿ, ಆ ಚೂರನ್ನು ಮೊಳೆಯಿಂದ ಗೋಡೆಗೆ ಸಿಕ್ಕಿಸುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವರು ಒಂದು ಬಣ್ಣವನ್ನು ಇನ್ನೊಂದನ್ನು ನೋಡಿ ಬೆರೆಸಲು ಕೂರುತ್ತಾರೆ. “ಪಾಟಿ ನಂದೇ ತಾನೇ? ಪಕ್ಕದವರದ್ದೇನಲ್ಲ,” ಎಂದು ತಮಗೆ ತಾವೇ ಹೇಳಿಕೊಳ್ಳುವುದು ಕೇಳಿಸುತ್ತದೆ.

ಬಿಳಿ ಸುರಿದು ಹಳದಿ ಇಳಿಸುತ್ತಾರೆ. ಎರಡನೇ ತೇಪೆ ಒಣಗಿದಾಗ ಹನ್ನೊಂದು ದಾಟಿದೆ. ಚೂರಿನ ಅಂಚಿನವರೆಗೂ ಹಚ್ಚಿದ್ದಾರೆ. ಚೂರು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ನಾದಿನಿ ಬೆರಳಾಡಿಸಿ ಹುಡುಕಬೇಕಾಗುತ್ತದೆ. ಹುಡುಕಿ ಸಿಕ್ಕಿದ ಮೇಲೆ ರೋಲರ್ ಎತ್ತಿಕೊಂಡು ಏಣಿ ಹತ್ತುತ್ತಾರೆ.

ಆಮೇಲಿನದು ಬಣ್ಣದಕ್ಕನಿಗೆ ನೀರು ಕುಡಿದಷ್ಟು ಸಲೀಸು. ಮಧ್ಯಾಹ್ನದೊಳಗೆ ಒಂದು ಕೈ ಬಣ್ಣ, ಮೂರಕ್ಕೆ ಇನ್ನೊಂದು. ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿ ಮೊದಲು ಹತ್ತೊಂಬತ್ತು ಸಾಮಾನಿತ್ತು. ಅವರು ಮೂರನ್ನು ಉಳಿಸುತ್ತಾರೆ: ಡ್ರೈವರಣ್ಣನ ಮೊದಲ ಬಸ್ಸಿನ ಹಿತ್ತಾಳೆಯ ಹಾರನ್, ನರ್ಸಮ್ಮನ ಹಳೆಯ ಬಿಳಿ ಟ್ರೇ, ಒಂದು ಹಸಿರು ಗಾಜಿನ ಸೀಸೆ. ಎಲ್ಲವೂ ಬಲಕ್ಕೆ.

“ಈ ಕಡೆ ಬೋಳು ಬೋಳಾಗಿದೆಯಲ್ಲ?” ನರ್ಸಮ್ಮನ ಅನುಮಾನ.

“ಇರ್ಲಿ ನರ್ಸಮ್ಮ. ಅಲ್ಲಿಗೆ ಅಣ್ಣನ ಕನ್ನಡಕ ಬರುತ್ತೆ, ನಿಮ್ಮ ಲೋಟ ಬರುತ್ತೆ. ನಾನೇ ಎಲ್ಲಾ ತುಂಬಿಸಿಟ್ರೆ ಅದು ಮನೆಯಲ್ಲ, ಅಂಗಡಿ.”

ಉಳಿದದ್ದು ಎದುರು ಗೋಡೆಯ ಚಿತ್ರ. ನರ್ಸಮ್ಮನ ತಾಯಿ ಕಸೂತಿ ಹಾಕಿದ ದಿಂಬಿನ ಚೀಲವನ್ನು ಬಣ್ಣದಕ್ಕನ ಗಂಡ ಕಿಟಕಿಯ ಮರದ ಚೌಕಟ್ಟಿಗೆ ಕೂರಿಸಿಕೊಟ್ಟಿದ್ದಾರೆ. ಬಣ್ಣದಕ್ಕ ಎಂದೂ ನಿಂತವರ ಕಣ್ಣಿಗೆ ಚಿತ್ರ ತೂಗುವುದಿಲ್ಲ, ಕೂತವರ ಕಣ್ಣಿಗೆ ತೂಗುತ್ತಾರೆ. ಅದಕ್ಕೆ ಅಡುಗೆಮನೆಯ ಕಡೆಗೆ ಕೂಗುತ್ತಾರೆ.

“ಅಣ್ಣಾ, ಒಂದು ನಿಮಿಷ ಬಂದು ಈ ಕುರ್ಚಿಯಲ್ಲಿ ಕೂತ್ಕೊಳ್ಳಿ. ನಿಮ್ಮ ಕಣ್ಣಿನ ಮಟ್ಟ ಬೇಕು.”

ಡ್ರೈವರಣ್ಣ ಕೈ ಒರೆಸಿಕೊಳ್ಳುತ್ತ ಬಂದು ಹೊಸ್ತಿಲಲ್ಲಿ ಒಮ್ಮೆ ತಡೆದು, ಒಳಗೆ ಬಂದು ಕೂರುತ್ತಾರೆ. ಬಣ್ಣದಕ್ಕ ಸೀಸದ ಕಡ್ಡಿಯಿಂದ ಗುರುತು ಹಾಕಿ, ಮೊಳೆ ಹೊಡೆದು, ಚಿತ್ರ ತೂಗುತ್ತಾರೆ. ನಾದಿನಿ ಹೊದಿಕೆ ಮಡಚುತ್ತಾರೆ, ಬ್ರಷ್‌ಗಳು ತೊಳೆದಾಗುತ್ತವೆ, ಏಣಿ ಹೊರಗೆ ಹೋಗುತ್ತದೆ. ಡ್ರೈವರಣ್ಣ ಎದ್ದಿಲ್ಲ. ಚಪ್ಪಲಿ ಕಳಚಿ ಕಾಲು ಮೇಲೆತ್ತಿ ಕೂತಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ನೋಡಿ, “ಲೇ, ಚಹಾ ಇಲ್ಲಿಗೇ ತಾ,” ಎನ್ನುತ್ತಾರೆ.

ನರ್ಸಮ್ಮ ಚಹಾ ತಂದು ಕೊಟ್ಟು, ಗಂಡನನ್ನೂ ಗೋಡೆಯನ್ನೂ ನೋಡಿ, ಹೊರಡಲು ನಿಂತ ಬಣ್ಣದಕ್ಕನ ಹಿಂದೆ ಅಂಗಳದವರೆಗೆ ಬರುತ್ತಾರೆ. “ಆ ಏಳು ಮನೆಯವರನ್ನ ನಾಳೆ ನಾನೇ ಕರೆದು ತೋರಿಸ್ತೀನಿ. ನಮ್ಮ ಮಲಗೋ ಕೋಣೆಗೂ ಒಂದು ಹೊಸ ಬಣ್ಣ ಯೋಚನೆ ಮಾಡಿ ಬಣ್ಣದಕ್ಕ. ಯಾವಾಗ ಬರ್ತೀರಿ?”

ಬಣ್ಣದಕ್ಕ ಎಡಗಣ್ಣಿನ ಬಟ್ಟೆ ಬಿಚ್ಚುತ್ತಾರೆ.

“ಆ ಏಳು ಮನೆ ಮುಗಿಸ್ತೀನಿ. ಮುಂದಿನ ತಿಂಗಳು ಈ ಕಣ್ಣಿಂದೂ ಆಗ್ಲಿ, ಆಮೇಲೆ. ಮಾಡಿದ ತಪ್ಪು ತಿದ್ದೋಕೆ ಒಂದು ಕಣ್ಣು ಸಾಕು ನರ್ಸಮ್ಮ, ಹೊಸದಾಗಿ ಮಾಡೋಕೆ ಎರಡೂ ಬೇಕು. ಬರ್ತೀನಿ, ಗೋಡೆ ಎಲ್ಲಿಗೂ ಓಡಿಹೋಗಲ್ಲ.”