ನಮ್ಮ ಬೀದಿಯ ಪೈಪು

ಮೈಕು ಇನ್ನೂ ನನ್ನ ಕೈಯಲ್ಲಿರುವಾಗಲೇ ಹಿಂದಿನ ಸಾಲಿನಿಂದ ರತ್ನಮ್ಮ ಎದ್ದು ನಿಂತರು. ಮಧುಗಿರಿಯಲ್ಲಿ ನೀರಿನ ದರ ಏರಿಸುವ ಮುನ್ನ ಜನರ ಅಭಿಪ್ರಾಯ ಕೇಳಲು ಕರೆದಿದ್ದ ಸಭೆ ಅದು. "ಹಳಬರ ತಿಂಗಳ ದರ ಮುಟ್ಟಬೇಡಿ. ಏರಿಸಲೇಬೇಕಾದರೆ ಹೊಸ ನಲ್ಲಿಯ ಶುಲ್ಕ ಏರಿಸಿ. ಈ ಬೀದಿಗಳಿಗೆ ಪೈಪು ತಂದವರು ನಾವು" ಎಂದು ನಿವೃತ್ತ ಮೇಷ್ಟ್ರ ಗತ್ತಿನಲ್ಲಿ ಹೇಳಿ ಆಗಷ್ಟೇ ಚಪ್ಪಾಳೆ ಗಿಟ್ಟಿಸಿದ್ದೆ.

ರತ್ನಮ್ಮ ಬೆಟ್ಟದ ಬುಡದ ಹೊಸ ಬಡಾವಣೆಯವರು. ಅವರ ಮನೆಗೆ ಇನ್ನೂ ನಲ್ಲಿ ಇಲ್ಲ. ನೀರು ಬಿಡುವ ದಿನ ನಮ್ಮದೆಲ್ಲ ತುಂಬಿದ ಮೇಲೆ ನಮ್ಮ ನಲ್ಲಿಯಲ್ಲೇ ನಾಲ್ಕು ಕೊಡ ಹಿಡಿದುಕೊಳ್ಳುತ್ತಾರೆ. ಆ ಋಣಕ್ಕಾದರೂ ನನ್ನ ಪರ ಮಾತಾಡುತ್ತಾರೆ ಎಂದುಕೊಂಡೆ.

"ನೀವು ತಂದ್ರಿ ಮೇಷ್ಟ್ರೇ, ಸರಿ. ಆ ಬಂಡೆ ನೆಲ ಅಗ್ದು ಪೈಪು ಹೂತೋನು ನಮ್ಮಪ್ಪ. ನಾನೇ ಬುತ್ತಿ ತಂದ್ಕೊಡ್ತಿದ್ದೆ. ನಿಮ್ಗೆ ಮರ್ತೋಗಿರ್ಬೇಕು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಮರೆತಿರಲಿಲ್ಲ. ಹಾರೆಯ ಸದ್ದಿಗೆ ನನ್ನ ಮಧ್ಯಾಹ್ನದ ನಿದ್ದೆ ಕೆಟ್ಟು, ಆ ಮನುಷ್ಯನನ್ನು ಗದರಿದ್ದೂ ನೆನಪಿತ್ತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದೆ ಮೈಕನ್ನು ಪಕ್ಕದವರಿಗೆ ದಾಟಿಸಿ ಕೂತುಬಿಟ್ಟೆ.

ಮರುದಿನ ನೀರು ಬಂದಾಗ ನನ್ನ ಬಿಂದಿಗೆ ಸರಿಸಿ, "ಮೊದಲು ನೀವು ಹಿಡ್ಕೊಳಿ" ಎಂದೆ. "ನಿಮ್ದಾಗ್ಲಿ ಬುಡಿ ಮೇಷ್ಟ್ರೇ" ಎಂದು ರತ್ನಮ್ಮ ಎಂದಿನಂತೆ ಪಕ್ಕಕ್ಕೆ ನಿಂತರು. ಅಷ್ಟು ಜನರ ಮುಂದೆ ಆಡಬೇಕಿದ್ದ ಮಾತನ್ನು ನಾನು ಯಾರೂ ಇಲ್ಲದ ಅಂಗಳದಲ್ಲಿ ಆಡಿದ್ದೆ.