ಊರಿಗೊಂದು ಕಂಠ

ಅಕ್ಕನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಅಕ್ಕಿಕಾಳು ನಿಲ್ಲುವಷ್ಟು ಸಂದಿ ಇತ್ತು. 'ಸ' ಅಂದಾಗಲೆಲ್ಲ ಆ ಸಂದಿಯಿಂದ ಸಣ್ಣ ಸಿಳ್ಳೆ ಹೊರಡುತ್ತಿತ್ತು. ನಂದಿದುರ್ಗ ಚಿನ್ನದ ಗಣಿಯ ಸಾಲುಮನೆಗಳಲ್ಲಿ ಗೋಡೆ ಅನ್ನುವುದು ಹೆಸರಿಗೆ ಮಾತ್ರ. ಆಚೆ ಮನೆಯಲ್ಲಿ ಅವಳು ಬೆಳಿಗ್ಗೆ ಷಡ್ಜ ಹಿಡಿದರೆ ಈಚೆ ನಮ್ಮಮ್ಮ, "ಕುಕ್ಕರ್ ಕೂಗ್ತು, ಏಳ್ಲಾ" ಎಂದು ನನ್ನನ್ನು ಎಬ್ಬಿಸುತ್ತಿದ್ದಳು.

ಸ್ವಂತ ಅಕ್ಕನಲ್ಲ. ನಾವು ಬೂದಿಕೋಟೆ ಕಡೆಯವರು, ಗಣಿ ಮುಚ್ಚಿದ ಮೇಲೆ ಬಾಡಿಗೆ ಅಗ್ಗವೆಂದು ಆ ಸಾಲುಮನೆಗಳ ಲೈನಿಗೆ ಬಂದಿದ್ದೆವು. ಅವರದು ತಲೆಮಾರುಗಳಿಂದ ಅಲ್ಲೇ ಇದ್ದ ತಮಿಳು ಮನೆ. ಅವರಪ್ಪ ನೆಲದೊಳಗೆ ಕಲ್ಲು ಕೊರೆದು ಎದೆಗೆ ಧೂಳು ತುಂಬಿಸಿಕೊಂಡವರು; ಆಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಯಾವುದೋ ಕಟ್ಟಡ ಕಾಯಲು ಹೋಗುತ್ತಿದ್ದರು. ಅಕ್ಕ ಕರೆದವರ ಮನೆಗೆಲ್ಲ ಹೋಗಿ ಹಾಡುವವಳು. ಭಾನುವಾರ ಚರ್ಚಿನಲ್ಲಿ, ಆಡಿ ತಿಂಗಳಲ್ಲಿ ಮಾರಿಯಮ್ಮನ ಗುಡಿಯಲ್ಲಿ.

ನಾನು ಎಸ್ಸೆಸ್ಸೆಲ್ಸಿ ಫೇಲಾಗಿ ಮೂಲೆ ಹಿಡಿದಿದ್ದೆ. ಒಂದು ದಿನ ಅಕ್ಕ ತನ್ನ ಹಳೆಯ ಕೀಬೋರ್ಡನ್ನು ತಂದು ನನ್ನ ತೊಡೆಯ ಮೇಲಿಟ್ಟಳು. "ಫೇಲಾದ್ರೆ ಬೆರಳೇನು ಬಿದ್ದೋಗಲ್ಲ ಕಣ್ಲಾ. ಒತ್ತು" ಅಂದಳು. ಸ್ವಲ್ಪ ಕೈ ಕುದುರಿದ ಮೇಲೆ ನನ್ನ ಎರಡೂ ಕೈಗಳ ಮೇಲೆ ಟವೆಲ್ ಹೊದಿಸಿದಳು. "ನೋಡ್ಕೊಂಡು ನುಡ್ಸೋನು ಟೈಪಿಸ್ಟು. ಕೇಳ್ಕೊಂಡು ನುಡ್ಸು." ಇವತ್ತು ಬಂಗಾರಪೇಟೆಯಲ್ಲಿ ನನ್ನದೊಂದು ಆರ್ಕೆಸ್ಟ್ರಾ ಇದೆ. ಮಕ್ಕಳು ಓದುತ್ತಿದ್ದಾರೆ. ಎಲ್ಲಕ್ಕೂ ಮೂಲ ಆ ಟವೆಲ್ಲು.

ಅವಳು ಮೊದಲು ಹೋದದ್ದು ಮದ್ರಾಸಿಗೆ. ಅಲ್ಲಿ ಸಿನಿಮಾ ಹಾಡುಗಳಿಗೆ ಟ್ರ್ಯಾಕ್ ಹಾಡುವ ಕೆಲಸ ಸಿಕ್ಕಿತು. ದೊಡ್ಡ ಗಾಯಕಿ ಬಂದು ಕೇಳಿ ಕಲಿಯಲೆಂದು ಮೊದಲೇ ಒಬ್ಬರು ಹಾಡಿಡಬೇಕು. ದೊಡ್ಡವರು ಹಾಡಿದ ಮೇಲೆ ಆ ದನಿಯನ್ನು ಅಳಿಸುತ್ತಾರೆ. ಮೈಕಿನಲ್ಲಿ ಸಿಳ್ಳೆ ಕೇಳುತ್ತದೆಂದು ಸ್ಟುಡಿಯೋದವರು ಅಂದದ್ದಕ್ಕೆ ಅಕ್ಕ ಹಲ್ಲಿನ ಸಂದಿ ಮುಚ್ಚಿಸಿಕೊಂಡಳು. ಊರಿಗೆ ಬಂದಾಗ ನಕ್ಕರೆ ಬೇರೆ ಯಾರೋ ನಕ್ಕ ಹಾಗಿತ್ತು.

ಒಂದು ಹಾಡಿನಲ್ಲಿ ಮಾತ್ರ ಆರಂಭದ ಆಲಾಪ ಅವಳದೇ ಉಳಿದಿತ್ತು. ಟಿವಿಯಲ್ಲಿ ಅದು ಬರುವ ದಿನ ಲೈನಿನವರೆಲ್ಲ ಅವರ ಮನೆಯಲ್ಲಿ ಸೇರಿದೆವು. ಆಲಾಪ ಬಂತು, ಹೋಯಿತು. ಹೆಸರು ಬೇರೆಯವರದು ಬಂತು. ಎದುರುಮನೆಯಾಕೆ ಎದ್ದು ಸೀರೆ ಕೊಡವಿಕೊಂಡು, "ಎಲ್ಲಾರೂ ಅಂಗೇ ಅಂತಾರೆ, ನಾನೇ ಪಾಡಿದ್ದು ಅಂತ" ಎಂದು ಹೊರಟಳು. ಅಕ್ಕ ಟಿವಿ ಆರಿಸಿ ಎಲ್ಲರಿಗೂ ಟೀ ಕೊಟ್ಟಳು.

ಮುಂದಿನ ಸಲ ನೋಡಿದ್ದು ಬೆಂಗಳೂರಿನಲ್ಲಿ. ತಲೆಯ ಒಂದು ಪಕ್ಕ ಬೋಳಿಸಿಕೊಂಡಿದ್ದಳು, ಕೊರಳಲ್ಲಿ ಗಿಟಾರು, ಹೊಸದೊಂದು ಹೆಸರು. ಪಬ್ಬಿನಲ್ಲಿ ಇಂಗ್ಲಿಷ್ ಹಾಡು, ಗಂಟಲು ಹರಿಯುವ ಹಾಗೆ. "ಊರ್ಗೊಂದು ಕಂಠ ಬೇಕು ಕಣ್ಲಾ. ಒಂದೇ ಇಟ್ಕೊಂಡ್ರೆ ಸಾಯ್ತೀವಿ" ಎಂದು ಹೆಮ್ಮೆಯಿಂದಲೇ ಹೇಳಿದಳು. ಆ ಪಬ್ಬುಗಳೆಲ್ಲ ಬ್ಯಾಂಡು ಬಿಟ್ಟು ಲ್ಯಾಪ್‌ಟಾಪಿನಲ್ಲಿ ಸಂಗೀತ ಹಾಕುವವರನ್ನು ಕರೆಯತೊಡಗಿದಾಗ ಅವಳು ಗಿಟಾರು ಮಾರಿ ಲ್ಯಾಪ್‌ಟಾಪು ಕೊಂಡು ಮುಂಬಯಿಗೆ ಹೋದಳು. ಅಲ್ಲಿ ಇನ್ನೊಂದು ಹೆಸರು.

ಮುಂಬಯಿಯಲ್ಲಿ ಅವಳಿಗೆ ಹೆಸರು ತಂದುಕೊಟ್ಟದ್ದು ಅವರಪ್ಪನ ಕೆಮ್ಮು. ರಜೆಗೆ ಬಂದಾಗ ಅದನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗಿ, ತುಂಡು ತುಂಡು ಮಾಡಿ, ತಾಳವಾಗಿ ಕೂರಿಸಿ ಅದರ ಮೇಲೆ ಹಾಡಿದ್ದಳು. ಪತ್ರಿಕೆಯವರು ಬರೆದರು. ಹೋದಲ್ಲೆಲ್ಲ ಅದನ್ನೇ ಕೇಳಿದರು. ಅಪ್ಪನಿಗೆ ಮಾಡಿದ ಮರ್ಯಾದೆ ಎಂದು ಅವಳು ಮನಸಾರೆ ನಂಬಿದ್ದಳು. ಅವರಿಗೆ ಕೇಳಿಸಲೆಂದೇ ಊರಿಗೆ ಬಂದಳು.

ಮಧ್ಯಾಹ್ನ. ಅವರು ಬಾಗಿಲ ಹೊರಗೆ ಮಂಚದ ಮೇಲೆ ಕೂತಿದ್ದರು. ಚಿನ್ನ ಬಸಿದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಿತ್ತು. ಅಕ್ಕ ಹೆಡ್‌ಫೋನನ್ನು ಅವರ ಕಿವಿಗಿಟ್ಟು ಎದುರು ನೆಲದ ಮೇಲೆ ಕೂತಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಮೊದಮೊದಲು ಅವರ ಬೆರಳು ತೊಡೆಯ ಮೇಲೆ ಆಡಿತು. ಆಮೇಲೆ ನಿಂತಿತು.

"ಇದು ನಾನಾ?"

"ಹೂಂಪಾ. ಅಲ್ಲಿ ಎಷ್ಟೊಂದ್ ಜನ ಕೇಳಿದ್ರು ಗೊತ್ತಾ?"

"ಕೇಳಿ ಏನ್ ಮಾಡಿದ್ರು?"

"ಕುಣಿದ್ರು."

ಅವರು ಹೆಡ್‌ಫೋನು ತೆಗೆದು, ಅದರ ವಯರನ್ನು ನಿಧಾನವಾಗಿ ಸುತ್ತಿ ಅವಳ ಕೈಗಿಟ್ಟರು. "ಒಳ್ಳೇದಮ್ಮಾ. ಇಲ್ಲಿ ನಾನು ಕೆಮ್ಮಿದ್ರೆ ನಿಮ್ಮಮ್ಮಂಗೆ ನಿದ್ದೆ ಇಲ್ಲ. ಅವ್ರಾದ್ರೂ ಕುಣೀಲಿ."

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಇದ್ದಿದ್ದರೆ ಅಕ್ಕ ಜಗಳವಾಡಿ ಊರಲ್ಲೇ ಉಳಿಯುತ್ತಿದ್ದಳೋ ಏನೋ.

ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು. ಹಿಂದೆಯೇ ಅಕ್ಕನ ಅಮ್ಮನೂ. ಅಕ್ಕ ಆ ಹಾಡನ್ನು ಹಾಕುವುದು ಬಿಟ್ಟಳು. ಆದರೆ ಕರೆಯುವವರಿಗೆ ಬೇಕಾದದ್ದು ಅದೊಂದೇ. "ಬೇರೆ ಹಾಡು ಅವೆ ಅಂದೆ. ಅದಿದ್ರೆ ಬಾ, ಇಲ್ದಿದ್ರೆ ಬ್ಯಾಡ ಅಂದ್ರು" ಎಂದಳು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದ ದಿನ. ಸ್ಟೇಷನ್ ಹಿಂದೆ ಒಂದು ಕೋಣೆ ಹಿಡಿದು ನನ್ನ ಆರ್ಕೆಸ್ಟ್ರಾಕ್ಕೆ ಸೇರಿದಳು. ನನ್ನನ್ನು 'ಓನರು' ಎಂದು ಕರೆಯುತ್ತಿದ್ದಳು. ತಮಾಷೆಯೋ ಚುಚ್ಚುಮಾತೋ, ನಾನು ಕೇಳಲಿಲ್ಲ.

ಮದುವೆ ಮನೆಯಲ್ಲಿ ಹೆಣ್ಣಿನ ಕಡೆ ತೆಲುಗಾದರೆ ತೆಲುಗು, ಗಂಡಿನ ಕಡೆ ತಮಿಳಾದರೆ ತಮಿಳು, ಛತ್ರದ ಯಜಮಾನರಿಗೆ ಕನ್ನಡ. ಮೂರರಲ್ಲೂ ಅವಳಿಗೆ ಸಾಟಿ ಇರಲಿಲ್ಲ. ಬೇತಮಂಗಲದ ಒಂದು ಮದುವೆಯಲ್ಲಿ, "ಓನರೇ, ಇವತ್ತು ನಂದೊಂದು ಹಾಡ್ಲಾ?" ಎಂದು ಕೇಳಿದಳು. ಅವಳೇ ಕಟ್ಟಿದ್ದು. ಊಟದ ಹೊತ್ತಿನಲ್ಲಿ ಹಾಡು ಎಂದೆ. ನಮ್ಮ ಲೈನಿನ ನಲ್ಲಿ ಮುಂದೆ ಹೆಂಗಸರು ಮೂರು ಭಾಷೆಯಲ್ಲಿ ಜಗಳವಾಡುತ್ತಾ ನೀರಿಗೆ ಕಾಯುವ ಹಾಡು. ನಗು ಬರಬೇಕು, ಆದರೆ ಉಣ್ಣುತ್ತಿದ್ದವರು ತುತ್ತು ಹಿಡಿದೇ ಕೇಳುತ್ತಿದ್ದರು. ಎರಡನೇ ಚರಣಕ್ಕೆ ಗಂಡಿನ ಸೋದರಮಾವ ಕೈ ತೊಳೆದುಕೊಂಡು ಬಂದು, "ಏನಮ್ಮಾ, ಸಾವಿನ ಮನೆ ಮಾಡ್ಬಿಟ್ರಿ. ಡ್ಯಾನ್ಸ್ ಹಾಡು ಹೊಡೀರಿ" ಅಂದ. ಅಕ್ಕ ಉಸಿರು ಕೂಡ ತೆಗೆದುಕೊಳ್ಳದೆ ಅದೇ ಶ್ರುತಿಯಲ್ಲಿ ಡ್ಯಾನ್ಸ್ ಹಾಡಿಗೆ ಜಾರಿದಳು. ನನ್ನ ಬೆರಳೂ ಹಿಂದೆಯೇ ಹೋಯಿತು. ವ್ಯಾನಿನಲ್ಲಿ ಮರಳುವಾಗ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಮತ್ತೆಂದೂ ಕೇಳಲಿಲ್ಲ.

ಹೋದ ಮದುವೆ ಸೀಸನ್ನಿನಲ್ಲಿ ಕಾಮಾಲೆ ಹಿಡಿಯಿತು. ಒಪ್ಪಿಕೊಂಡ ಕಾರ್ಯಕ್ರಮ ಮುಗಿಸುತ್ತೇನೆಂದು ನಾಟಿ ಔಷಧಿ ಕುಡಿಯುತ್ತಾ ಹಾಡಿದಳು. ಕೋಲಾರದ ಆಸ್ಪತ್ರೆಗೆ ಸೇರಿಸುವಾಗ ಹೊತ್ತು ಮೀರಿತ್ತು.

ದೇಹವನ್ನು ಲೈನಿಗೇ ತಂದೆವು. ನನ್ನ ಫೋನಿಗೆ ಮೂರು ಊರುಗಳಿಂದ ಸಂತಾಪ ಬಂತು, ಒಂದೊಂದರಲ್ಲಿ ಒಂದೊಂದು ಹೆಸರು. ತಮಟೆಯ ಹುಡುಗರು ಬಂದು ಬೆಂಕಿ ಹಾಕಿ ತಮಟೆ ಕಾಯಿಸಿದರು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದ ಹಾಡು ಬಾರಿಸಿಕೊಂಡು ಹೋಗುವುದು ಪದ್ಧತಿ. ಅವರಲ್ಲಿ ದೊಡ್ಡವನು ನನ್ನ ಹತ್ತಿರ ಬಂದ.

"ಅಣ್ಣಾ, ಅಕ್ಕಂದು ಯಾವ ಪಾಟ್ಟು?"

ಅವಳು ಹಾಡಿದ ನೂರಾರು ಹಾಡುಗಳ ಶ್ರುತಿ ನನ್ನ ಬೆರಳಲ್ಲಿದೆ. ಅವಳದು ಯಾವುದು? ಬೇತಮಂಗಲದ್ದನ್ನು ನೆನೆಯಲು ನೋಡಿದೆ. ಪಲ್ಲವಿಯ ಮೊದಲ ಮಾತೇ ನೆನಪಿಗೆ ಬರಲಿಲ್ಲ. ಹುಡುಗ ಕಾಯುತ್ತಿದ್ದ. ಪಕ್ಕದಲ್ಲಿ ಕೂತಿದ್ದ ನಮ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಯೋಳ್ಲಾ, ಅಷ್ಟ್ ವರ್ಸ ಜೊತೆಗಿದ್ದೋನು ನೀನೇ ಅಲ್ವಾ?" ಅಂದಳು.

"ಈಗ ಯಾವ ಹಾಡು ಓಡ್ತಿದೆಯೋ ಅದನ್ನೇ ಬಾರಿಸಿ" ಅಂದೆ.

ಹುಡುಗ ತಲೆಯಾಡಿಸಿ ಹೋದ.