ಲೋಟದ ಸದ್ದಿಗೆ ಬೊಗಳುತ್ತಿದ್ದ ಪಿಂಕಿ

2023ರಲ್ಲಿ ನಾನು ಬಾಗಲಗುಂಟೆಯ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೂರುತ್ತಿದ್ದೆ. ಸರ್ಕಾರಿ ಪಶುವೈದ್ಯೆಯಾಗಿ ನಿವೃತ್ತಳಾಗಿ ಆಗಿನ್ನೂ ಎರಡು ವರ್ಷ. ಸರ್ವೀಸ್ ಪೂರ್ತಿ ಹಸು, ಎಮ್ಮೆ, ಕುರಿಗಳ ಜೊತೆ ಕಳೆದವಳು ನಾನು. ಹಸುವಿಗೆ ಹುಷಾರಿಲ್ಲದಿದ್ದರೆ ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ, ವಿಷಯ ನೇರ. ನಾಯಿಗಳ ಕಥೆ ಹಾಗಲ್ಲ. ಅರ್ಧ ಕಾಯಿಲೆ ಅವುಗಳದ್ದು, ಇನ್ನರ್ಧ ಅವುಗಳನ್ನು ಸಾಕಿದವರದ್ದು. ಕ್ಲಿನಿಕ್‌ಗೆ ಬರುತ್ತಿದ್ದ ದೂರುಗಳಲ್ಲಿ ಬಹುಪಾಲು ಒಂದೇ: ನಾಯಿ ಬೊಗಳುತ್ತದೆ. ಬೊಗಳದೆ ಇನ್ನೇನು ಸಂಗೀತ ಹಾಡುತ್ತದೆಯೇ ಎಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, ಕಿವಿ ನೋಡಿ, ಹಲ್ಲು ನೋಡಿ, ಸಲಹೆ ಕೊಟ್ಟು ಕಳಿಸುತ್ತಿದ್ದೆ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ರಂಗಸ್ವಾಮಿ ಎಂಬುವವರು ಕಂದು ಬಣ್ಣದ ಒಂದು ನಾಯಿಯನ್ನು ಎಳೆದುಕೊಂಡು ಬಂದರು. ಬೀದಿಯಲ್ಲಿ ಸಿಕ್ಕ ಹೆಣ್ಣು ಮರಿಯನ್ನು ಸಾಕಿದ್ದರಂತೆ, ಹೆಸರು ಪಿಂಕಿ. ಕತ್ತಿನಲ್ಲಿ ಬೆಲ್ಟಿನ ಜೊತೆ ಒಂದು ತಾಯತ. ಹಿಂದೆಯೇ ಅವರ ಅತ್ತಿಗೆ ಜಯಮ್ಮ, ಅರವತ್ತರ ಆಸುಪಾಸಿನ ಹೆಂಗಸು, ಸೆರಗು ಹೊದ್ದು ಬಾಗಿಲಲ್ಲೇ ನಿಂತಿದ್ದರು.

"ಮೇಡಂ, ಇದಕ್ಕೆ ತಲೆ ಕೆಟ್ಟೋಗೈತೆ" ಎಂದರು ರಂಗಸ್ವಾಮಿ. "ಮನೇಲಿ ಒಂದ್ ಚಮಚ ಬಿದ್ರೆ ಸಾಕು, ಬೀದಿಗೆಲ್ಲ ಕೇಳಂಗೆ ಕೂಗ್ತದೆ. ಮಗಳು ಬಾಣಂತನಕ್ಕೆ ಬಂದವ್ಳೆ. ಮಗು ಕಣ್ ಮುಚ್ಚಂಗಿಲ್ಲ."

ಅವರದು ಬಾಗಲಗುಂಟೆ ಇನ್ನೂ ಹಳ್ಳಿಯಾಗಿದ್ದಾಗಿನ ಕುಟುಂಬ. ಹಳೇ ಮನೆ ಒಡೆದು ಕಟ್ಟಿಸಿದ ಕಟ್ಟಡದಲ್ಲಿ ಕೆಳಗೆ ಜಯಮ್ಮ ಮತ್ತು ಪಿಂಕಿ, ಮೇಲೆ ರಂಗಸ್ವಾಮಿಯ ಸಂಸಾರ. ಜಯಮ್ಮನ ಗಂಡ, ರಂಗಸ್ವಾಮಿಯ ಅಣ್ಣ ಮುನಿರಾಜು ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಗೌರಿ ಹಬ್ಬದೊಳಗೆ ನಾಯಿ ಸರಿಹೋಗದಿದ್ದರೆ ಹುಣಸಮಾರನಹಳ್ಳಿ ಹತ್ತಿರ ಸ್ನೇಹಿತರ ಗೋಡೌನ್‌ನಲ್ಲಿ ಕಟ್ಟಿಹಾಕಿ ಬರುತ್ತೇನೆಂದು ರಂಗಸ್ವಾಮಿ ತೀರ್ಮಾನ ಮಾಡಿಯಾಗಿತ್ತು. ಕೆಟ್ಟ ಮನುಷ್ಯರೇನಲ್ಲ. ನಿದ್ದೆಗೆಟ್ಟ ಮಗು, ಅಳುವ ಮಗಳು, ಎರಡರ ಮಧ್ಯೆ ಸಿಕ್ಕಿಬಿದ್ದು ಹೈರಾಣಾಗಿದ್ದರು ಅಷ್ಟೆ.

ಹೊರಡುವಾಗ ಜಯಮ್ಮ ನನ್ನ ಹತ್ತಿರ ಬಂದು, "ಇದೂ ಹೋದ್ರೆ ಆ ಮನೇಲಿ ನಾನ್ ಮಾತಾಡ್ಸಕ್ಕೆ ಯಾರೂ ಇರಲ್ಲ ಮೇಡಂ" ಎಂದಷ್ಟೇ ಹೇಳಿದರು.

ಕಿವಿ ಚೆನ್ನಾಗಿತ್ತು, ಹಲ್ಲು ಚೆನ್ನಾಗಿತ್ತು, ಎಲ್ಲೂ ನೋವಿರಲಿಲ್ಲ. ಸದ್ದಿಗೆ ಹೆದರಿ ಬೊಗಳುವ ನಾಯಿಗಳನ್ನು ಬೇಕಾದಷ್ಟು ನೋಡಿದ್ದೆ. ಅವು ಬಾಲ ಮುದುರಿ ಮಂಚದ ಕೆಳಗೆ ಸೇರುತ್ತವೆ, ನಡುಗುತ್ತವೆ. ಇದು ಹಾಗಿರಲಿಲ್ಲ. ನನ್ನ ಟ್ರೇನಲ್ಲಿ ಕತ್ತರಿ ಟಣ್ ಎಂದ ಕೂಡಲೇ ಪಿಂಕಿ ಎದ್ದು, ಜಯಮ್ಮನ ಮುಖ ನೋಡಿಕೊಂಡು, ಒಂದೇ ಸಮನೆ ಬೊಗಳತೊಡಗಿತು. ಇದನ್ನು ಮನೆಯಲ್ಲೇ ನೋಡಬೇಕು ಎನ್ನಿಸಿತು. ಮರುದಿನ ಮಧ್ಯಾಹ್ನ ಬರುತ್ತೇನೆಂದು ಹೇಳಿ ಕಳಿಸಿದೆ.

ಆ ಮನೆಯ ಅಡುಗೆಮನೆಗೆ ಕಾಲಿಟ್ಟವಳಿಗೆ ಮೊದಲು ಅರ್ಥವಾಗಲಿಲ್ಲ. ಸೌಟಿನ ಹಿಡಿಗೆಲ್ಲ ಹಳೇ ಸೀರೆಯ ಚೂರು ಸುತ್ತಿತ್ತು. ತಟ್ಟೆಗಳ ನಡುವೆ ಟವೆಲ್. ಜಯಮ್ಮ ಊಟ ಮಾಡುತ್ತಿದ್ದದ್ದು ಪ್ಲಾಸ್ಟಿಕ್ ತಟ್ಟೆಯಲ್ಲಿ. ಕುಕ್ಕರ್ ಬಿಟ್ಟು ಪಾತ್ರೆಯಲ್ಲೇ ಅನ್ನ ಬಸಿಯುತ್ತಿದ್ದರು. ನಾಯಿ ಕೂಗಬಾರದು, ಕೂಗಿದರೆ ಅದನ್ನು ಕಳಿಸಿಬಿಡುತ್ತಾರೆ ಎಂದು ಆ ಹೆಂಗಸು ಸದ್ದೇ ಇಲ್ಲದೆ ಬದುಕುವುದನ್ನು ಕಲಿತಿದ್ದರು.

ಮಿಕ್ಸಿ ಹಾಕಿಸಿದೆ, ಪಿಂಕಿ ತಲೆ ಎತ್ತಲಿಲ್ಲ. ಕಾಲಿಂಗ್ ಬೆಲ್ ಒತ್ತಿಸಿದೆ, ಕಿವಿ ಅಲ್ಲಾಡಿಸಿ ಸುಮ್ಮನಾಯಿತು. ಬೀದಿಯಲ್ಲಿ ತರಕಾರಿ ಗಾಡಿಯ ಮೈಕ್ ಅರಚುತ್ತಿತ್ತು, ಅದಕ್ಕೂ ಇಲ್ಲ. ಒಂದು ಸ್ಟೀಲ್ ತಟ್ಟೆಗೆ ಚಮಚ ತಾಗಿಸಿದೆ. ಪಿಂಕಿ ಬೊಗಳುತ್ತಾ ಮುಂದಿನ ಕೋಣೆಗೆ ಓಡಿತು, ಅಲ್ಲಿದ್ದ ಖಾಲಿ ಮಂಚದ ಪಕ್ಕ ನಿಂತಿತು, ತಿರುಗಿ ಜಯಮ್ಮನ ಹತ್ತಿರ ಬಂದು ಕೂಗಿತು, ಮತ್ತೆ ಮಂಚದ ಹತ್ತಿರ ಓಡಿತು.

"ಆ ಮಂಚ ಯಾರದು?" ಎಂದು ಕೇಳಿದೆ.

"ನಮ್ಮನೆಯವ್ರದು" ಎಂದವರು ಅಲ್ಲೇ ಗೋಡೆಗೆ ಒರಗಿ ಕೂತರು.

ಮುನಿರಾಜು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್ ಆಗಿದ್ದವರು. ಮೆಷಿನ್ನುಗಳ ಗದ್ದಲದಲ್ಲಿ ಕೂಗಿ ಕೂಗಿ ಅಭ್ಯಾಸವಾದ ಗಂಟಲು, ಮನೆಯಲ್ಲಿ ಕರೆದರೆ ಬೀದಿ ತುದಿಯವರು ಓಗೊಡುತ್ತಿದ್ದರಂತೆ. ಅದೇ ಗಂಟಲಿಗೆ ಕ್ಯಾನ್ಸರ್ ಆಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಮೇಲೆ ಅವರು ಮಾತಾಡಲಿಲ್ಲ. ಮಂಚದ ಪಕ್ಕ ಒಂದು ಸ್ಟೀಲ್ ಲೋಟ, ಒಂದು ಚಮಚ. ನೀರು ಬೇಕಾದರೆ, ಕಫ ಕಟ್ಟಿದರೆ, ಸುಮ್ಮನೆ ಹೆಂಡತಿಯನ್ನು ನೋಡಬೇಕೆನಿಸಿದರೆ, ಲೋಟಕ್ಕೆ ಚಮಚದಿಂದ ತಟ್ಟುತ್ತಿದ್ದರು.

"ಒಲೆ ಮುಂದೆ ಇದ್ರೆ ನಂಗೆ ಕೇಳ್ತಿರ್ಲಿಲ್ಲ ಮೇಡಂ. ಇದು ಮಂಚದ ಕೆಳಗೇ ಬಿದ್ದಿರದು. ಅವ್ರು ತಟ್ಟಿದ್ ತಕ್ಷಣ ಕೂಗ್ತಾ ಬಂದು ನನ್ನ ಕರ್ಕೊಂಡೋಗದು. ಅವ್ರು ಬಿಸ್ಕತ್ ಮುರ್ದು ಅದಕ್ಕೊಂದ್ ಚೂರು ಕೊಡೋರು. ಮಾತು ಹೋದ್ಮೇಲೆ ಅವ್ರು ನಗ್ತಿದ್ದಿದ್ದು ಅದೊಂದೇ ಟೈಮಲ್ಲಿ."

ನಾಯಿಗೆ ತಲೆ ಕೆಟ್ಟಿರಲಿಲ್ಲ. ಅದು ತನ್ನ ಕೆಲಸ ಮಾಡುತ್ತಿತ್ತು. ಯಜಮಾನ ಹೋದದ್ದನ್ನು ಯಾರೂ ಅದಕ್ಕೆ ಹೇಳುವ ಹಾಗಿರಲಿಲ್ಲ. ಲೋಟದ ಸದ್ದು ನಿಂತ ಮೇಲೆ ಆ ಮನೆಯಲ್ಲಿ ಸ್ಟೀಲ್ ಎಂಬುದು ಎಲ್ಲಿ ಸದ್ದು ಮಾಡಿದರೂ ಅವರೇ ಕರೆಯುತ್ತಿದ್ದಾರೆಂದು ತಿಳಿದು ಕೂಗುತ್ತಿತ್ತು. ಒಂದು ಸದ್ದಿಗೆ ಕಲಿತದ್ದನ್ನು ಅದರಂಥ ಎಲ್ಲಾ ಸದ್ದಿಗೂ ಹಚ್ಚಿಕೊಳ್ಳುವುದಕ್ಕೆ ನಾವು ವೈದ್ಯರು ಜನರಲೈಸೇಷನ್ ಎನ್ನುತ್ತೇವೆ. ರಂಗಸ್ವಾಮಿ ಪೇಪರ್ ಸುರುಳಿಯಿಂದ ಹೊಡೆದದ್ದು, ಮುಖಕ್ಕೆ ನೀರು ಎರಚಿದ್ದು, ತಾಯತ ಕಟ್ಟಿಸಿದ್ದು ಯಾವುದೂ ಕೆಲಸ ಮಾಡದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಮದ್ದು ಮಾತ್ರೆಯಲ್ಲಿಲ್ಲ. ಡಿಸೆನ್ಸಿಟೈಸೇಷನ್ ಎಂಬ ಕ್ರಮವಿದೆ. ನಾಯಿ ಯಾವ ಸದ್ದಿಗೆ ಕೆರಳುತ್ತದೋ ಅದನ್ನೇ ಬಹಳ ಮೆತ್ತಗೆ, ದೂರದಿಂದ ಕೇಳಿಸುವುದು. ಬಾಯಿ ತೆಗೆಯುವ ಮೊದಲೇ ತಿಂಡಿ ಕೊಡುವುದು. ಸದ್ದನ್ನು ದಿನದಿಂದ ದಿನಕ್ಕೆ ಕೊಂಚ ಕೊಂಚವೇ ಏರಿಸುವುದು. ಸುಮ್ಮನೆ ಕೂತರೆ ಬಿಸ್ಕತ್ತು, ಕೂಗಿದರೆ ಇಲ್ಲ. ಓದಲು ಎರಡು ನಿಮಿಷ, ಮಾಡಲು ತಿಂಗಳುಗಳು.

ತಟ್ಟೆ, ಸೌಟು, ಪಾತ್ರೆಗಳಿಂದ ಶುರುಮಾಡಿದೆವು. ವಾರಕ್ಕೊಮ್ಮೆ ನಾನು ಹೋಗಿ ನೋಡಿ ಬರುತ್ತಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಜಯಮ್ಮ ಮತ್ತೆ ಸ್ಟೀಲ್ ತಟ್ಟೆಯಲ್ಲಿ ಉಣ್ಣುತ್ತಿದ್ದರು, ಕುಕ್ಕರ್ ವಿಷಲ್ ಹಾಕುತ್ತಿತ್ತು. ರಂಗಸ್ವಾಮಿ ಮೆಟ್ಟಿಲ ಮೇಲೆ ಸಿಕ್ಕಿದಾಗ "ಪರ್ವಾಗಿಲ್ವೇ, ಕಮ್ಮಿ ಆಯ್ತು!" ಎಂದು ಖುಷಿಪಟ್ಟರು. ಆದರೆ ಲೋಟ ಬಾಕಿ ಇತ್ತು. ಮೂಲವನ್ನು ಹಾಗೇ ಬಿಟ್ಟರೆ ಉಳಿದದ್ದೆಲ್ಲ ಒಂದು ದಿನ ಮರುಕಳಿಸುತ್ತದೆ. ಅದನ್ನು ಹೇಳಿದಾಗ ಜಯಮ್ಮ ಬೀರುವಿನಿಂದ ಸೀರೆಗಳ ಅಡಿಯಲ್ಲಿಟ್ಟಿದ್ದ ಲೋಟವನ್ನು ತಂದರು.

ಅದಕ್ಕೆ ಬಟ್ಟೆ ಸುತ್ತಿ ನಾನೇ ಚಮಚದಿಂದ ತಟ್ಟಿದೆ. "ಅಂಗಲ್ಲ ಮೇಡಂ" ಎಂದು ನನ್ನ ಕೈಯಿಂದ ಇಸಿದುಕೊಂಡರು. "ಎರಡ್ ಸಲ ಬಿರ್ರನೆ, ಆಮೇಲೆ ತಡೆದು ಇನ್ನೊಂದು. ಅವ್ರು ಇಂಗೆ ತಟ್ತಿದ್ದಿದ್ದು." ತಟ್ಟಿದರು. ಪಿಂಕಿ ಮೈಯೆಲ್ಲ ಸೆಟೆದು ಮಂಚದತ್ತ ನೋಡಿತು. ಜಯಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಕೈ ಮಾತ್ರ ನಾನು ಹೇಳಿದಂತೆ ಬಿಸ್ಕತ್ತನ್ನು ಮುಂದೆ ಚಾಚಿತ್ತು. ಆ ಪಾಠವನ್ನು ಅವರು ದಿನಾ ಮಾಡಿದರು. ಗೌರಿ ಹಬ್ಬ ಬರುವಷ್ಟರಲ್ಲಿ ಬಟ್ಟೆಯೂ ಬೇಕಾಗಲಿಲ್ಲ. ಲೋಟ ತಟ್ಟಿದರೆ ಪಿಂಕಿ ಕೂತು, ಜಯಮ್ಮನ ಕೈ ನೋಡುತ್ತಿತ್ತು. ಹುಣಸಮಾರನಹಳ್ಳಿಯ ಮಾತು ಅಲ್ಲಿಗೆ ಮುಗಿಯಿತು. ನನ್ನ ಲೆಕ್ಕದಲ್ಲಿ ಕೇಸೂ ಮುಗಿಯಿತು.

ಅಕ್ಟೋಬರ್‌ನಲ್ಲಿ ಮಹಾಲಯ ಅಮಾವಾಸ್ಯೆಗೆ ಜಯಮ್ಮ ಊಟಕ್ಕೆ ಕರೆದರು. ವರ್ಷದ ತಿಥಿ ಕಳೆದ ಮೇಲೆ ಮುನಿರಾಜು ಅವರಿಗೆ ಇಡುತ್ತಿದ್ದ ಮೊದಲ ಎಡೆ ಅದು. ಮಂಚ ತೆಗೆದ ಜಾಗದಲ್ಲಿ ಅವರ ಫೋಟೊ, ಮುಂದೆ ಎರಡು ಬಾಳೆಲೆ. ಮಟನ್ ಸಾರು, ಕಜ್ಜಾಯ, ವಡೆ, ಗಂಟಲು ಹೋದ ಮೇಲೆ ನುಂಗಲಾಗದೆ ಆಸೆಪಟ್ಟಿದ್ದ ರಾಗಿಮುದ್ದೆ. ಪಕ್ಕದಲ್ಲಿ ಅದೇ ಲೋಟದಲ್ಲಿ ನೀರು. ಎಡೆ ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದು ಮುಚ್ಚಿದರು. ಹೋದವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಕೋಣೆಯನ್ನು ಹಾಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಯಾರೂ ಮಾತಾಡುವುದಿಲ್ಲ. ರಂಗಸ್ವಾಮಿ, ಮಗುವನ್ನೆತ್ತಿಕೊಂಡ ಅವರ ಮಗಳು, ನಾನು, ಜಯಮ್ಮ, ಅವರ ಕಾಲ ಬಳಿ ಪಿಂಕಿ.

ಒಳಗೆ ಲೋಟದ ಸದ್ದಾಯಿತು. ಟಣ್ ಟಣ್ ಎಂದು ಎರಡು ಸಲ. ಆಮೇಲೆ ಇನ್ನೊಂದು.

ಕಿಟಕಿ ತೆರೆದಿತ್ತು, ಪರದೆ ಹಾರಿ ಲೋಟಕ್ಕೆ ಬಡಿದಿತ್ತು. ಆಮೇಲೆ ಬಾಗಿಲು ತೆಗೆದಾಗ ಅದನ್ನು ನಾನೇ ನೋಡಿದೆ, ಲೋಟ ಉರುಳಿ ನೀರು ಎಲೆಯ ತುದಿಯವರೆಗೆ ಹರಿದಿತ್ತು. ಆದರೆ ಆ ಕ್ಷಣ ಎಲ್ಲರೂ ನೋಡಿದ್ದು ಬಾಗಿಲನ್ನಲ್ಲ, ಪಿಂಕಿಯನ್ನು.

ಪಿಂಕಿ ಕಿವಿ ನಿಮಿರಿಸಿತು. ಬಾಗಿಲು ನೋಡಿತು. ಆಮೇಲೆ ನಾವು ಕಲಿಸಿದ ಹಾಗೆ ನೆಲಕ್ಕೆ ಕೂತು, ಜಯಮ್ಮನ ಕೈ ನೋಡುತ್ತಾ ಸುಮ್ಮನಾಯಿತು.

"ಕೂಗೇ" ಎಂದರು ರಂಗಸ್ವಾಮಿ. ಅದರ ಮುಂದೆ ಮಂಡಿಯೂರಿ ಕೂತರು. "ಅಣ್ಣ ಕರೀತಾವ್ನೆ ಕಣೇ ಪಿಂಕಿ. ಒಂದೇ ಒಂದ್ ಸಲ ಕೂಗೇ."

ಪಿಂಕಿ ಬಾಲ ಅಲ್ಲಾಡಿಸಿತು. ಬಾಯಿ ತೆಗೆಯಲಿಲ್ಲ.

ಜಯಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಬಿಸ್ಕತ್ತು ತೆಗೆದರು. ಮುರಿದು ಒಂದು ಚೂರನ್ನು ಅದರ ಬಾಯಿಗಿಟ್ಟು, ತಲೆ ಸವರಿ, "ಅದನ್ನ ಬಯ್ಬೇಡಿ. ನಾವ್ ಹೇಳ್ಕೊಟ್ಟಿದ್ದನ್ನೇ ಮಾಡ್ತು" ಎಂದರು. ಆಮೇಲೆ ಬಾಗಿಲಿಗೆ ಹಣೆ ಕೊಟ್ಟು, ನಾನು ಅಲ್ಲಿಯವರೆಗೆ ಕೇಳಿರದಷ್ಟು ಜೋರಾಗಿ ಅತ್ತರು.

ಚಿಕಿತ್ಸೆ ಸರಿಯಾಗಿಯೇ ಇತ್ತು. ಅದಿಲ್ಲದಿದ್ದರೆ ಪಿಂಕಿ ಇವತ್ತು ಯಾವುದೋ ಗೋಡೌನ್‌ನ ಸರಪಳಿಯಲ್ಲಿರುತ್ತಿತ್ತು. ಈಗಲೂ ಅದು ಜಯಮ್ಮನ ಜೊತೆಗೇ ಇದೆ, ವರ್ಷಕ್ಕೊಮ್ಮೆ ಇಂಜೆಕ್ಷನ್‌ಗೆ ಬರುತ್ತದೆ. ಇನ್ನೊಮ್ಮೆ ಅದೇ ಕೇಸ್ ಬಂದರೂ ನಾನು ಅದನ್ನೇ ಮಾಡುತ್ತೇನೆ. ಆದರೆ ನಾಯಿ ಬೊಗಳುತ್ತದೆ ಎಂದು ಯಾರಾದರೂ ಬಂದರೆ ಈಗ ಮೊದಲೇ ಕಿವಿ, ಹಲ್ಲು ನೋಡುವುದಿಲ್ಲ. ಕುರ್ಚಿ ತೋರಿಸಿ ಕೂರಿಸಿ, ಅದು ಯಾವ ಸದ್ದಿಗೆ ಬೊಗಳುತ್ತದೆ, ಆ ಸದ್ದು ನಿಮ್ಮ ಮನೆಯಲ್ಲಿ ಯಾರದ್ದು ಎಂದು ಕೇಳುತ್ತೇನೆ. ಬೊಗಳುವುದನ್ನು ನಿಲ್ಲಿಸಲು ನನಗೆ ಬರುತ್ತದೆ. ನಿಲ್ಲಿಸಿದ ಮೇಲೆ ಮತ್ತೆ ತಂದುಕೊಡಲು ಬರುವುದಿಲ್ಲ.